ಮನೆಯ ಗಣಕಯಂತ್ರಕ್ಕೂ ಒಂದು ಬೀಗ ಬೇಕು

ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಮರದ ಪೆಟ್ಟಿಗೆಯೋ ಕಬ್ಬಿಣದ ಟ್ರಂಕೋ ತಪ್ಪದೆ ಇರುತ್ತಿತ್ತು. ಜಾಗದ ದಸ್ತಾವೇಜು, ಕಂದಾಯದ ರಶೀದಿ, ಮಕ್ಕಳ ಜಾತಕ, ದೂರದೂರಿನಿಂದ ಬಂದ ಕಾಗದಗಳು ಎಲ್ಲವೂ ಅದರೊಳಗೆ ಭದ್ರವಾಗಿರುತ್ತಿದ್ದವು. ಬೀಗದ ಕೈ ಮನೆಯ ಹಿರಿಯರ ವಶದಲ್ಲಿರುತ್ತಿತ್ತು. ಇಂದು ಅದೇ ದಸ್ತಾವೇಜಿನ ಪ್ರತಿ, ಬ್ಯಾಂಕಿನ ಲೆಕ್ಕ, ಆಧಾರ್ ಮತ್ತು ಪಾಸ್‌ಪೋರ್ಟಿನ ಚಿತ್ರ, ಮಕ್ಕಳ ಅಂಕಪಟ್ಟಿ, ಗಲ್ಫಿನಲ್ಲಿ ದುಡಿಯುವ ತಂದೆಗೆ ಕಳಿಸಿದ ಮನೆಮಂದಿಯ ಫೋಟೋಗಳು ಗಣಕಯಂತ್ರದೊಳಗೆ ಸೇರಿವೆ. ಆದರೆ ಈ ಹೊಸ ಪೆಟ್ಟಿಗೆಗೆ ಬೀಗ ಹಾಕಿರುವವರು ನಮ್ಮಲ್ಲಿ ಎಷ್ಟು ಮಂದಿ? ಪೋಷಕರೂ ವಿದ್ಯಾರ್ಥಿಗಳೂ ಸೇರಿ ಯೋಚಿಸಬೇಕಾದ ವಿಷಯವಿದು.

"ಯಂತ್ರ ತೆರೆಯುವಾಗ ಪಾಸ್‌ವರ್ಡ್ ಕೇಳುತ್ತದಲ್ಲ, ಅದು ಸಾಲದೇ?" ಎಂದು ಕೆಲವರು ಕೇಳಬಹುದು. ಸಾಲದು. ಆ ಪಾಸ್‌ವರ್ಡ್ ಅಂಗಳದ ತಡಮೆ ಇದ್ದಂತೆ, ದಾಟುವವನಿಗೆ ಅಡ್ಡಿಯಿಲ್ಲ. ಗಣಕಯಂತ್ರದ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ, ಬೀಗವಿಲ್ಲದ ಡಿಸ್ಕಿನ ಕಡತಗಳೆಲ್ಲ ಪಾಸ್‌ವರ್ಡಿನ ಹಂಗಿಲ್ಲದೆ ತೆರೆದುಕೊಳ್ಳುತ್ತವೆ. ಕಡತವನ್ನು ಅಳಿಸಿದ ಮಾತ್ರಕ್ಕೆ ಅದು ನಾಶವಾಯಿತೆಂದು ತಿಳಿಯುವುದೂ ಸರಿಯಲ್ಲ. ಅನೇಕ ವೇಳೆ ಅಳಿಸಿದ್ದನ್ನು ಮರಳಿ ಪಡೆಯುವ ಉಪಾಯಗಳಿವೆ. ಆದುದರಿಂದ ಯಂತ್ರ ಕಳುವಾದಾಗ, ದುರಸ್ತಿಗೆ ಹೋದಾಗ, ಹಳೆಯದೆಂದು ಮಾರಿದಾಗ ನಮ್ಮ ಸಂಸಾರದ ಗುಟ್ಟುಗಳೂ ಅದರ ಜತೆಯಲ್ಲೇ ಹೊರಟುಹೋಗುತ್ತವೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವೇನು?

ಇದಕ್ಕೆ ಪರಿಹಾರ ಗೂಢಲಿಪೀಕರಣ. ಡಿಸ್ಕಿನಲ್ಲಿರುವ ಪ್ರತಿಯೊಂದು ಅಕ್ಷರವನ್ನೂ ಗಣಿತದ ಸೂತ್ರದಿಂದ ಕಲಸುಮೇಲೋಗರ ಮಾಡಿ ಇಡುವುದು, ಸರಿಯಾದ ಪಾಸ್‌ವರ್ಡ್ ಕೊಟ್ಟಾಗ ಮಾತ್ರ ಅದನ್ನು ಮೊದಲಿನಂತೆ ಓದಿಸುವುದು, ಇಷ್ಟೇ ಇದರ ತತ್ತ್ವ. ಬೆಲ್ಜಿಯಂ ದೇಶದ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ವಿದ್ವಾಂಸರು ರಚಿಸಿದ ಸೂತ್ರವನ್ನು ಅಮೇರಿಕಾ 2001ರಲ್ಲಿ ಎಇಎಸ್ ಎಂಬ ಹೆಸರಿನಿಂದ ಪ್ರಮಾಣವಾಗಿ ಅಂಗೀಕರಿಸಿತು. ಅದರ 256 ಬಿಟ್ಟುಗಳ ಕೀಲಿಯಲ್ಲಿ ಸಾಧ್ಯವಿರುವ ಬಗೆಗಳ ಸಂಖ್ಯೆಯನ್ನು ಬರೆಯಲು 78 ಅಂಕಿಗಳು ಬೇಕು. ಒಂದೊಂದನ್ನೇ ಪ್ರಯೋಗಿಸಿ ನೋಡುವ ಕಳ್ಳನಿಗೆ ಆಯುಷ್ಯ ಸಾಲದು.

ಈ ಬೀಗಕ್ಕೆ ಹಣ ತೆರಬೇಕಾಗಿಲ್ಲವೆಂಬುದೇ ಸಂತೋಷದ ಸಂಗತಿ. ಲಿನಕ್ಸ್‌ನಲ್ಲಿ ಲಕ್ಸ್ ಎಂಬ ವ್ಯವಸ್ಥೆಯಿದೆ. ಕೇರಳದ ಶಾಲೆಗಳಲ್ಲಿ ನಮ್ಮ ಮಕ್ಕಳು ಕಲಿಯುವುದು ಉಬುಂಟು ಆಧಾರಿತ ಲಿನಕ್ಸನ್ನೇ. ಉಬುಂಟುವನ್ನು ಹೊಸದಾಗಿ ಅಳವಡಿಸುವಾಗಲೇ ಡಿಸ್ಕಿಗೆ ಬೀಗ ಹಾಕುವ ಅವಕಾಶವನ್ನು ಕೊಟ್ಟಿರುತ್ತಾರೆ. ವಿಂಡೋಸ್ ಬಳಸುವವರಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವಿದೆ. ಅದರಿಂದ ಇಡೀ ಡಿಸ್ಕಿಗೆ ಬೀಗ ಹಾಕಬಹುದು. ಅಥವಾ ಪೆಟ್ಟಿಗೆಯಂತಹ ಒಂದೇ ಒಂದು ಕಡತವನ್ನು ಮಾಡಿ, ಮುಖ್ಯವಾದ ಕಾಗದಪತ್ರಗಳನ್ನು ಅದರೊಳಗೆ ಇಡಬಹುದು.

"ಪುಕ್ಕಟೆ ಸಿಕ್ಕಿದ ಬೀಗವನ್ನು ನಂಬಬಹುದೇ?" ಎಂಬ ಸಂಶಯ ಸಹಜ. ಇಲ್ಲಿ ಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥಗಳಿವೆ. ಕನ್ನಡದಲ್ಲಿ 'ಉಚಿತ' ಬೇರೆ, 'ಸ್ವತಂತ್ರ' ಬೇರೆ. ನೆರೆಯ ಮಲಯಾಳದಲ್ಲೂ ಇಂತಹ ತಂತ್ರಾಂಶಕ್ಕೆ ಸ್ವತಂತ್ರ ಎಂಬ ವಿಶೇಷಣವೇ ರೂಢಿಯಲ್ಲಿದೆ. ನಂಬಿಕೆಗೆ ಆಧಾರ ಬೆಲೆಯಲ್ಲ, ಬಹಿರಂಗವಾಗಿರುವ ಮೂಲ ಬರಹ. ಲಕ್ಸ್ ಮತ್ತು ವೆರಾಕ್ರಿಪ್ಟ್ ಎರಡರ ಮೂಲ ಬರಹವನ್ನೂ ಬಲ್ಲವರು ಯಾರೇ ಆಗಲಿ ಓದಿ ಪರೀಕ್ಷಿಸಬಹುದು. ಬೀಗದ ರಚನೆ ಊರಿಗೆಲ್ಲ ತಿಳಿದರೂ ಕೀಲಿಯೊಂದು ಗುಟ್ಟಾಗಿದ್ದರೆ ಸಾಕು, ಅಂತಹದೇ ಒಳ್ಳೆಯ ಬೀಗವೆಂದು ಆಗಸ್ಟ್ ಕೆರ್ಕಾಫ್ಸ್ ಎಂಬವರು 1883ರಷ್ಟು ಹಿಂದೆಯೇ ಪ್ರತಿಪಾದಿಸಿದ್ದರು.

ಈ ಬಹಿರಂಗತೆಯ ಫಲವನ್ನು ನಾವು ಕಂಡಿದ್ದೇವೆ. 2004ರಲ್ಲಿ ಬಂದು ಜನಪ್ರಿಯವಾಗಿದ್ದ ಟ್ರೂಕ್ರಿಪ್ಟ್ ಎಂಬ ತಂತ್ರಾಂಶವನ್ನು ಅದರ ಅನಾಮಧೇಯ ಕರ್ತೃಗಳು 2014ರ ಮೇ ತಿಂಗಳಲ್ಲಿ ಹಠಾತ್ತನೆ ಕೈಬಿಟ್ಟರು. ಆದರೂ ಕೆಲಸ ನಿಲ್ಲಲಿಲ್ಲ. ಅದರ ಮೂಲ ಬರಹದಿಂದಲೇ 2013ರಲ್ಲಿ ಹುಟ್ಟಿದ್ದ ವೆರಾಕ್ರಿಪ್ಟ್ ಮುಂದುವರಿಯಿತು. 2016ರಲ್ಲಿ ತಜ್ಞರು ಅದನ್ನು ಪರೀಕ್ಷಿಸಿ ಗಂಭೀರ ದೋಷಗಳನ್ನು ಎತ್ತಿ ತೋರಿಸಿದರು. ಅವುಗಳಲ್ಲಿ ಹೆಚ್ಚಿನವನ್ನು ಕೂಡಲೇ ತಿದ್ದಲಾಯಿತು. ದೋಷವೇ ಇಲ್ಲದ ವಸ್ತು ಲೋಕದಲ್ಲಿಲ್ಲ. ದೋಷ ಹೊರಬೀಳುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಅವಕಾಶವಿರಬೇಕು, ಅಷ್ಟೆ.

"ನಾವೇನು ಕದ್ದಿದ್ದೇವೆಯೇ, ಮುಚ್ಚಿಡಲು?" ಎಂಬ ಮಾತೂ ಕೇಳಿಬರುತ್ತದೆ. ಸ್ನಾನದ ಮನೆಗೆ ಬಾಗಿಲು ಇಟ್ಟವರೆಲ್ಲ ಕಳ್ಳರೇ? ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿದೆ. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆ. ಹಕ್ಕು ನ್ಯಾಯಾಲಯದಿಂದ ದೊರೆಯಿತು. ಅದನ್ನು ದಿನನಿತ್ಯ ಕಾಪಾಡಿಕೊಳ್ಳುವ ಹೊಣೆ ನಮ್ಮದೇ.

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಹೇಳದಿದ್ದರೆ ಅರ್ಧ ಸತ್ಯವಾದೀತು. ಕಬ್ಬಿಣದ ಪೆಟ್ಟಿಗೆಯ ಕೀಲಿ ಕಳೆದರೆ ಬೀಗ ಒಡೆಯುವವನನ್ನು ಕರೆಯಬಹುದು. ಈ ಬೀಗವನ್ನು ಒಡೆಯುವ ಕಮ್ಮಾರನಿಲ್ಲ. ಪಾಸ್‌ವರ್ಡ್ ಮರೆತರೆ ಕಳ್ಳನಿಗೆ ಮಾತ್ರವಲ್ಲ, ಯಜಮಾನನಿಗೂ ಬಾಗಿಲು ಮುಚ್ಚಿದಂತೆಯೇ. ಮನೆಯ ಒಬ್ಬರಿಗೆ ಮಾತ್ರ ಅದು ಗೊತ್ತಿದ್ದು, ಅವರಿಗೆ ಏನಾದರೂ ಆದರೆ ಸಂಸಾರದ ಗತಿಯೇನು? ಆದುದರಿಂದ ಬೀಗಕ್ಕಿಂತಲೂ ಮೊದಲು ಕೀಲಿಯ ವಿಚಾರ ನಿರ್ಧಾರವಾಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಯಂತ್ರದ ಬಳಿಯಲ್ಲಲ್ಲ, ದಸ್ತಾವೇಜು ಇಡುವ ಕಪಾಟಿನಲ್ಲಿ ಇಡಿ. ತಂದೆ ತಾಯಿ ಇಬ್ಬರಿಗೂ ಅದು ತಿಳಿದಿರಲಿ. ಲಕ್ಸ್‌ನಲ್ಲಂತೂ ಒಂದೇ ಬೀಗಕ್ಕೆ ಒಂದಕ್ಕಿಂತ ಹೆಚ್ಚು ಕೀಲಿಗಳನ್ನು ಮಾಡಿಕೊಳ್ಳುವ ಸೌಕರ್ಯವಿದೆ. ಪಾಸ್‌ವರ್ಡ್ ಇಪ್ಪತ್ತು ಅಕ್ಷರಗಳಿಗೆ ಕಡಿಮೆಯಾಗದಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಅಥವಾ ತುಳು ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಹುಟ್ಟಿದ ದಿನಾಂಕ, ಮನೆಯ ಹೆಸರು ಖಂಡಿತ ಬೇಡ.

ಕೆಲವು ಮನೆಗಳಲ್ಲಿ ಬೀಗ ಬಿದ್ದಿರುವುದೇ ತಿಳಿದಿರುವುದಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯನ್ನು ತಕ್ಕ ಯಂತ್ರದಲ್ಲಿ ಹೊಸದಾಗಿ ಅಳವಡಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಅದರ 48 ಅಂಕಿಗಳ ಕೀಲಿ ಆ ಖಾತೆಯಲ್ಲಿ ಸೇರಿರುತ್ತದೆ. ಹೊಸ ಯಂತ್ರ ಕೊಂಡವರು ಅದನ್ನು ಹುಡುಕಿ ಬರೆದಿಟ್ಟುಕೊಳ್ಳುವುದು ಜಾಣತನ.

ವಿದ್ಯಾರ್ಥಿಗಳಿಗೆ ನಮ್ಮದೊಂದು ಕಿವಿಮಾತು. ಗಣಕಯಂತ್ರದಲ್ಲಿ ನೀವು ಮನೆಯ ಹಿರಿಯರಿಗಿಂತ ಚುರುಕಾಗಿರಬಹುದು. ಆದರೆ ಅವರನ್ನು ಕೇಳದೆ ಮನೆಯ ಯಂತ್ರಕ್ಕೆ ಬೀಗ ಹಾಕುವ ಸಾಹಸಕ್ಕೆ ಕೈಹಾಕಬೇಡಿ. ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡಿ. ಕೆಲಸ ಮುಗಿದ ಮೇಲೆ ಆ ಪ್ರತಿಗೂ ಬೀಗ ಬೇಕೆಂಬುದನ್ನು ಮರೆಯಬೇಡಿ. ಕೆಲಸದ ನಡುವೆ ವಿದ್ಯುತ್ ಹೋಗದಂತೆ ಎಚ್ಚರ ವಹಿಸಿ. ಮಳೆಗಾಲದ ಸಂಜೆ ಇದಕ್ಕೆ ತಕ್ಕ ಸಮಯವಲ್ಲ! ಬೀಗ ತೆರೆದು ಯಂತ್ರ ನಡೆಯುತ್ತಿರುವಾಗ ವೈರಸ್ ನುಗ್ಗಿದರೆ, ಇಲ್ಲವೇ ದೂರವಾಣಿಯ ಮೋಸಗಾರನಿಗೆ ನಾವೇ ಒಟಿಪಿ ಹೇಳಿಬಿಟ್ಟರೆ, ಈ ಬೀಗ ನಮ್ಮನ್ನು ಕಾಯಲಾರದು ಎಂಬುದೂ ನೆನಪಿರಲಿ.

ಮನೆಮಂದಿ ಒಬ್ಬರಿಂದೊಬ್ಬರು ಬಚ್ಚಿಡುವುದಕ್ಕೆ ಈ ಬೀಗವಲ್ಲ. ಮನೆಯ ಮರ್ಯಾದೆ ಹೊರಗಿನವರ ಕೈಗೆ ಸಿಗದಿರುವುದಕ್ಕೆ. ಹೇಗೆ ಹಾಕುವುದೆಂಬುದನ್ನು ಮಕ್ಕಳು ಹಿರಿಯರಿಗೆ ಕಲಿಸಲಿ, ಕೀಲಿಯನ್ನು ಜೋಪಾನ ಮಾಡುವುದು ಹೇಗೆಂಬುದನ್ನು ಹಿರಿಯರು ಮಕ್ಕಳಿಗೆ ಕಲಿಸಲಿ. ಈ ರಜೆಯಲ್ಲಿ ಒಂದು ದಿನ ಎಲ್ಲರೂ ಒಟ್ಟಿಗೆ ಕುಳಿತು ಈ ಕೆಲಸವನ್ನು ಮುಗಿಸಬೇಕೆಂದು ನಾವು ಪ್ರತಿಯೊಂದು ಮನೆಯನ್ನೂ ಕೇಳಿಕೊಳ್ಳುತ್ತೇವೆ.