ಕೈಗೆ ಬಂದ ಕಸುಬಿಗೆ ಕಾಗದವೂ ಬೇಕು

ಮಧ್ಯಾಹ್ನದ ಊಟದ ಗದ್ದಲ ಮುಗಿದು, ಸಾಯಂಕಾಲದ ಚಹಾದ ಗಿರಾಕಿಗಳು ಬರುವುದಕ್ಕೆ ಮುನ್ನ, ಹೋಟೆಲಿನಲ್ಲಿ ಎರಡು ತಾಸಿನ ಬಿಡುವು ಉಂಟು. ಮೂರರಿಂದ ಐದು. ಅಂಧೇರಿಯ ಯಾವ ಉಪಾಹಾರಗೃಹದ ಹಿಂಬದಿಗೆ ಹೋದರೂ ಆ ಹೊತ್ತಿನಲ್ಲಿ ಬೆಂಚಿನ ಮೇಲೆ, ಅಕ್ಕಿಯ ಚೀಲಗಳ ಮೇಲೆ ತಲೆಯಿಟ್ಟು ಮಲಗಿದ ನಮ್ಮ ಬಾಂಧವರು ಕಾಣುತ್ತಾರೆ. ಬೆಳಗಿನ ಜಾವಕ್ಕೆ ಎದ್ದು ಒಲೆ ಹಚ್ಚಿದವರಿಗೆ ಆ ನಿದ್ದೆ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೂ ವಾರದಲ್ಲಿ ಒಂದೇ ಒಂದು ದಿನ ಆ ಎರಡು ತಾಸನ್ನು ನಮ್ಮ ಮುಂದಿನ ಬಾಳಿಗಾಗಿ ತೆಗೆದಿಡಬೇಕೆಂದು ಕೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹೀಗೆ ಕೇಳುವುದಕ್ಕೆ ಕಾರಣವಾದ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ಪರಿಚಿತರಾದ ಹಿರಿಯ ಭಟ್ಟರೊಬ್ಬರಿದ್ದಾರೆ. ಇಪ್ಪತ್ತೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದವರು. ಮೋರಿಯಲ್ಲಿ ಕಪ್ಪು ಬಶಿ ತೊಳೆಯುವುದರಿಂದ ಆರಂಭಿಸಿ, ರುಬ್ಬುವುದು, ದೋಸೆಯ ಕಾವಲಿ, ಸಾಂಬಾರು ಎಲ್ಲ ಮೆಟ್ಟಿಲುಗಳನ್ನೂ ಹತ್ತಿದವರು. ಮಾಲಕರು ಜಾಗ ಬಿಟ್ಟುಕೊಟ್ಟರು, ಹೋಟೆಲು ಮುಚ್ಚಿತು. ವಿಮಾನ ನಿಲ್ದಾಣದ ಕಡೆಯ ದೊಡ್ಡ ಹೋಟೆಲೊಂದರಲ್ಲಿ ಕೆಲಸ ಕೇಳಲು ಹೋದಾಗ ಅಲ್ಲಿಯವರು ಕೇಳಿದ್ದು ಒಂದೇ ಪ್ರಶ್ನೆ: "ಸರ್ಟಿಫಿಕೇಟು ಇದೆಯೇ?" ಭಟ್ಟರು ಹೇಳಿದರು: "ಒಲೆ ಕೊಡಿ ಸ್ವಾಮಿ, ಮಾಡಿ ತೋರಿಸುತ್ತೇನೆ." ಹಾಗೆ ನೋಡುವ ಕ್ರಮ ತಮ್ಮಲ್ಲಿ ಇಲ್ಲವೆಂದು ಉತ್ತರ ಬಂತು. ಬೇಕಾದರೆ ಸಹಾಯಕನಾಗಿ ಸೇರಬಹುದು ಎಂದರಂತೆ. ಅವರ ಮೇಲಿನವನಾಗಿ ಇರುವವನು ಇಪ್ಪತ್ತೆರಡು ವರ್ಷದ ಹುಡುಗ. ಅವನ ತಪ್ಪೇನೂ ಇಲ್ಲ. ಅವನು ಮೂರು ವರ್ಷ ಕಲಿತು ಕಾಗದ ತಂದವನು. ಇವರು ಇಪ್ಪತ್ತೆಂಟು ವರ್ಷ ಕಲಿತು ಕಾಗದವಿಲ್ಲದೆ ಬಂದವರು.

ಆ ಹುಡುಗ ಕಲಿಯುವಂಥ ಶಾಲೆ ಹುಟ್ಟಿದ್ದೆಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ನಮ್ಮ ಅಂಧೇರಿಯಲ್ಲೇ. ಪಶ್ಚಿಮ ಬದಿಯ ಮುನ್ಷಿ ನಗರದಲ್ಲಿರುವ ಭಾರತೀಯ ವಿದ್ಯಾಭವನದ ಆವರಣದಲ್ಲಿ 1954ರಲ್ಲಿ ಅಡುಗೆ ಮತ್ತು ಆಹಾರ ಸೇವೆಯನ್ನು ಶಾಸ್ತ್ರೋಕ್ತವಾಗಿ ಕಲಿಸುವ ಸಂಸ್ಥೆಯೊಂದು ಆರಂಭವಾಯಿತು. ದೇಶದಲ್ಲಿ ಈ ಬಗೆಯ ಮೊದಲ ಶಾಲೆಯೆಂದು ಅದಕ್ಕೆ ಹೆಸರು. ಲೀಲಾವತಿ ಮುನ್ಷಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಹಿಳಾ ಆಹಾರ ಮಂಡಳಿಯವರು ಅದನ್ನು ಕಟ್ಟಿದರು. ಮುಂದೆ ಅದು ದಾದರಿಗೆ ಹೋಯಿತು. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವ ದಾದರಿನ ಸರಕಾರಿ ಸಂಸ್ಥೆ ಇಂದಿಗೂ ಹೆಸರುವಾಸಿಯಾಗಿದೆ.

ಆ ಶಾಲೆ ನಡೆದ ವರ್ಷಗಳಲ್ಲೇ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಎಳೆಯ ಹುಡುಗರು ಮುಂಬಯಿಗೆ ಬಂದು ಹೋಟೆಲುಗಳ ಮೋರಿಯ ಮುಂದೆ ಕುಳಿತಿದ್ದರು. ಅದೇ ಅಕ್ಕಿ, ಅದೇ ಬೇಳೆ, ಅದೇ ಬೆಂಕಿ. ಒಂದೆಡೆ ಕಲಿತವನಿಗೆ ಪದವಿ ದೊರೆಯಿತು, ಇನ್ನೊಂದೆಡೆ ಕಲಿತವನಿಗೆ ಕೈತುಂಬ ಸುಟ್ಟ ಕಲೆಗಳು ದೊರೆತವು. ಶಾಲೆ ಕಟ್ಟಿದವರನ್ನು ನಾನು ದೂರುವುದಿಲ್ಲ. ಅವರು ಅಡುಗೆಗೆ ವಿದ್ಯೆಯ ಗೌರವ ತಂದರು. ಆ ಗೌರವದಲ್ಲಿ ನಮ್ಮ ಪಾಲನ್ನು ನಾವು ಕೇಳದೆ ಉಳಿದೆವಲ್ಲ ಎಂಬುದೇ ನನ್ನ ಕೊರಗು.

ನಮ್ಮ ಹಿರಿಯರು ವಿದ್ಯೆಯ ಬಗೆಗೆ ಕಣ್ಣು ಮುಚ್ಚಿಕೊಂಡಿದ್ದರೆಂದು ಇದರ ಅರ್ಥವಲ್ಲ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯವರು, 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್‌ನವರು, ಹಾಗೆಯೇ ಇನ್ನೂ ಕೆಲವು ಕನ್ನಡ ಸಂಸ್ಥೆಗಳವರು ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಲೋಟ ತೊಳೆದ ಕೈ ರಾತ್ರಿ ಸ್ಲೇಟು ಹಿಡಿಯಿತು. ಸಂಜೆ ಹುಡುಗನನ್ನು ಶಾಲೆಗೆ ಬಿಟ್ಟುಕೊಟ್ಟ ಮಾಲಕರೂ ಇದ್ದರು, ಅವರ ಉಪಕಾರವನ್ನು ಮರೆಯಬಾರದು. ಆ ಶಾಲೆಗಳಲ್ಲಿ ಓದಿದವರು ಗುಮಾಸ್ತರಾದರು, ವಕೀಲರಾದರು, ಬ್ಯಾಂಕು ಸೇರಿದರು. ಮೊಗವೀರ ಮಂಡಳಿಯವರು ಮುಂದೆ ಅಂಧೇರಿಯಲ್ಲಿ, ಮುನ್ಷಿ ನಗರಕ್ಕೆ ಹೆಚ್ಚು ದೂರವಲ್ಲದ ವೀರಾ ದೇಸಾಯಿ ರಸ್ತೆಯ ಬದಿಯಲ್ಲಿ, ದೊಡ್ಡ ವಿದ್ಯಾಸಂಕುಲವನ್ನೇ ಕಟ್ಟಿದರು.

ಆದರೆ ಒಂದು ಮಾತನ್ನು ಗಮನಿಸಬೇಕು. ರಾತ್ರಿ ಶಾಲೆ ನಮ್ಮ ಹುಡುಗನಿಗೆ ಹೋಟೆಲಿನಿಂದ ಹೊರಗೆ ಹೋಗುವ ಬಾಗಿಲನ್ನು ತೆರೆಯಿತು. ಹೋಟೆಲಿನ ಒಳಗೇ ಉಳಿದವನಿಗೆ ಮೇಲೆ ಹೋಗುವ ಏಣಿಯನ್ನು ಅದು ಕೊಡಲಿಲ್ಲ. ಆ ಏಣಿ ಹತ್ತಿದವರು ತಮ್ಮ ತಮ್ಮ ಸಾಹಸದಿಂದಲೇ ಹತ್ತಿದರು. 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರ ಹೆಸರನ್ನು ಮುಂಬಯಿಯಲ್ಲಿ ಅರಿಯದ ಕನ್ನಡಿಗನಿಲ್ಲ. ಅಂಥವರ ಕಥೆಯನ್ನು ಸಭೆಗಳಲ್ಲಿ ಹೇಳಿ ನಾವು ಚಪ್ಪಾಳೆ ತಟ್ಟುತ್ತೇವೆ. ಹೇಳಬೇಕಾದದ್ದೇ. ಆದರೆ ಒಬ್ಬರು ಮಾಲಕರಾದರೆ ನೂರು ಮಂದಿ ಕಾವಲಿಯ ಮುಂದೆಯೇ ಮುದುಕರಾಗುತ್ತಾರೆ. ಆ ನೂರು ಮಂದಿಯ ಕಥೆಗೆ ಚಪ್ಪಾಳೆ ಸಾಲದು, ಏರ್ಪಾಡು ಬೇಕು.

ಗಿರಣಿಯಲ್ಲಿ ದುಡಿದ ಬಾಂಧವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯಲ್ಲಿಯೂ ಶಾಲೆ ಬೇರೆ, ಸಾಲೆಖಾತೆ ಬೇರೆ ಆಗಿತ್ತು. 1887ರಲ್ಲಿ ಆರಂಭವಾದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬಟ್ಟೆಯ ತಂತ್ರವಿದ್ಯೆ ಕಲಿತವರು ಮೇಲಧಿಕಾರಿಗಳಾಗಿ ಬರುತ್ತಿದ್ದರು. ಮಗ್ಗದ ಮುಂದೆ ನಿಂತವನು ಅಣ್ಣನಿಂದಲೋ ಊರಿನವನಿಂದಲೋ ನೋಡಿ ನೋಡಿ ಕಲಿಯುತ್ತಿದ್ದ. ಕೆಲಸಕ್ಕೆ ಸೇರಿಸುವವನು ಜಾಬರ್, ತೆಗೆಯುವವನೂ ಜಾಬರ್. 1935ರಲ್ಲಿ ಗಿರಣಿ ಮಾಲಕರ ಸಂಘ ಬದಲಿ ಕಾರ್ಡಿನ ಪದ್ಧತಿ ತಂದಿತು. ಒಂದು ತುಂಡು ಕಾಗದ ಕೈಗೆ ಬಂದದ್ದರಿಂದ ಜಾಬರನ ಹಿಡಿತ ತುಸು ಸಡಿಲಾಯಿತು. ಆದರೆ ಆ ಕಾರ್ಡು ಇವನು ಬದಲಿ ಎಂದು ಹೇಳಿತೇ ಹೊರತು ಇವನಿಗೆ ಏನು ಗೊತ್ತು ಎಂದು ಹೇಳಲಿಲ್ಲ.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದವರು ಎರಡು ಲಕ್ಷಕ್ಕೂ ಹೆಚ್ಚು ಮಂದಿ. ಅವರಲ್ಲಿ ಬಹಳ ಮಂದಿ ಮತ್ತೆ ಮಗ್ಗದ ಮುಂದೆ ನಿಲ್ಲಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಈಗ ಮಾಲ್ ಇದೆ. ನೂಲಿನ ಎಳೆ ತುಂಡಾದುದನ್ನು ಸದ್ದಿನಿಂದಲೇ ಗುರುತಿಸುತ್ತಿದ್ದವರು ಕಾವಲುಗಾರರಾದರು, ತರಕಾರಿ ಮಾರಿದರು, ಊರಿಗೆ ಮರಳಿದರು. ಗಿರಣಿ ಹೋದದ್ದು ಅವರ ಕೈಮೀರಿದ ಮಾತು. ಆದರೆ ಅವರ ಕಸುಬನ್ನು ಬೇರೆಡೆ ಯಾರೂ ಕಸುಬೆಂದು ಎಣಿಸಲಿಲ್ಲ, ಏಕೆಂದರೆ ಅದು ಎಲ್ಲಿಯೂ ಬರೆದಿರಲಿಲ್ಲ. ಅದೇ ಗತಿ ಹೋಟೆಲಿನವನಿಗೆ ಬರಬಾರದು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಮಸಾಲೆ ಹಾಕುವ ಹೊತ್ತಿಗೆ ಬೆನ್ನು ತಿರುಗಿಸಿ ನಿಲ್ಲುವ ಭಟ್ಟರನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಹುಡುಗನನ್ನು ಆ ಹೊತ್ತಿಗೆ ಸರಿಯಾಗಿ ಕೊತ್ತಂಬರಿ ತರಲು ಕಳುಹಿಸುವವರೂ ಉಂಟು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಗುಟ್ಟು ಬಿಟ್ಟುಕೊಟ್ಟರೆ ನಾಳೆ ಕಡಿಮೆ ಸಂಬಳಕ್ಕೆ ಆ ಹುಡುಗನನ್ನೇ ನಿಲ್ಲಿಸಿ ತನ್ನನ್ನು ಕಳುಹಿಸಿಯಾರು ಎಂಬ ಹೆದರಿಕೆ ಅದು. ಆದರೆ ಗುಟ್ಟು ಕಾಪಾಡಿಕೊಂಡ ಮಾತ್ರಕ್ಕೆ ಕೆಲಸ ಉಳಿದೀತೆ? ನಾನು ಹೇಳಿದ ಭಟ್ಟರ ಗುಟ್ಟೆಲ್ಲ ಅವರ ಬಳಿಯೇ ಇತ್ತು, ಹೋಟೆಲು ಮಾತ್ರ ಉಳಿಯಲಿಲ್ಲ. "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?" ಎಂಬ ಗಾದೆಯನ್ನು ನಾವು ಸೋಮಾರಿಗಳಿಗೆ ಹೇಳುತ್ತೇವೆ. ಹೇಳಿಕೊಡದವರಿಗೆ ಅದು ನೆಪವಾಗಬಾರದು.

ಹಿಂದೆ ಹತ್ತು ಹನ್ನೆರಡು ವಯಸ್ಸಿನ ಹುಡುಗ ಬಂದು ಹತ್ತು ವರ್ಷ ಕದ್ದು ನೋಡಿಯಾದರೂ ಕಲಿಯುತ್ತಿದ್ದ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂತು. ಅದು ಸರಿಯಾದ ಕೆಲಸ. ಬಾಲ್ಯ ಮೋರಿಯಲ್ಲಿ ಕಳೆಯಬಾರದು. ಆದರೆ ಕದ್ದು ಕಲಿಯುವ ಆ ಹಳೆಯ ದಾರಿ ಮುಚ್ಚಿದ ಮೇಲೆ ಕರೆದು ಕಲಿಸುವ ಹೊಸ ದಾರಿಯನ್ನು ನಾವು ಹಾಕಲಿಲ್ಲ.

ಸರಕಾರದ ಕಡೆಯಿಂದ ದಾರಿಗಳು ಇಲ್ಲವೆಂದಿಲ್ಲ. 1961ರ ಅಪ್ರೆಂಟಿಸ್ ಕಾನೂನು ಇದೆ. 2019ರ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 4 ಮಂದಿ ಇರುವ ಸಣ್ಣ ಸಂಸ್ಥೆಯೂ ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. ಹಳೆಯ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿ ಸೇರಿಸಿದರು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಲೈಸೆನ್ಸು ಪಡೆದ ಹೋಟೆಲಿನಲ್ಲಿ ಪ್ರತಿ 25 ಕೆಲಸಗಾರರಿಗೆ ತರಬೇತಿ ಪಡೆದ ಮೇಲ್ವಿಚಾರಕನೊಬ್ಬ ಇರಬೇಕು. ಈ ತರಬೇತಿಗೆ ಗಲ್ಲೆಯ ಮೇಲಿರುವವನನ್ನು ಕಳುಹಿಸಿ ನಿಯಮ ಪಾಲಿಸಿದೆವೆನ್ನುವ ಬದಲು ಒಲೆಯ ಮುಂದಿರುವವನನ್ನೇ ಕಳುಹಿಸಿದರೆ ನಿಯಮವೂ ನಡೆದೀತು, ಅವನ ಕೈಗೆ ಒಂದು ಕಾಗದವೂ ಬಂದೀತು.

ಈ ಪರೀಕ್ಷೆಗಳಿಗೆ ನಮ್ಮವರು ಹೆದರಬೇಕಾಗಿಲ್ಲ. ಬಿಸಿ ಪದಾರ್ಥವನ್ನು 60 ಡಿಗ್ರಿಗಿಂತ ಮೇಲೆ, ತಂಪಾಗಿಡಬೇಕಾದುದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಪುಸ್ತಕ ಹೇಳುತ್ತದೆ. ಸಾಂಬಾರಿನಿಂದ ಹಬೆ ಏಳುತ್ತಿರಬೇಕು, ತೆಂಗಿನ ಚಟ್ನಿ ಹೊರಗೆ ಉಳಿಯಬಾರದು ಎಂದು ಭಟ್ಟರು ಹೇಳುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ, ಜನವರಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವರ ಬೆರಳಿಗೇ ಗೊತ್ತು. ತಿಳಿವಳಿಕೆ ಒಂದೇ, ಭಾಷೆ ಎರಡು. ಆ ಇನ್ನೊಂದು ಭಾಷೆಯನ್ನು ಕಲಿಯುವುದು ಎರಡು ಮೂರು ತಿಂಗಳ ಕೆಲಸ. ಪುಸ್ತಕದವನು ಭಟ್ಟರ ಬೆರಳನ್ನು ಕಲಿಯಬೇಕಾದರೆ ಇಪ್ಪತ್ತು ವರ್ಷ ಬೇಕು.

"ಕಲಿಸಿದರೆ ಬಿಟ್ಟು ಹೋಗುತ್ತಾನೆ" ಎಂದು ಮಾಲಕರು ಹೇಳುವುದುಂಟು. ಅವರಲ್ಲಿ ವಿನಯದಿಂದ ಕೇಳುತ್ತೇನೆ: ಕಲಿಸದಿದ್ದರೆ ಉಳಿಯುತ್ತಾನೆಯೇ? ಇನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟವರ ಬಳಿಗೆ, ಇಲ್ಲವೇ ಮನೆಬಾಗಿಲಿಗೆ ಊಟ ಮುಟ್ಟಿಸುವ ಬೈಕಿನ ಕೆಲಸಕ್ಕೆ ಇಂದಿನ ತರುಣ ಹೋಗಿಯೇ ಹೋಗುತ್ತಾನೆ. ಬರುವ ವರ್ಷ ತಾನು ಯಾವ ಮೆಟ್ಟಿಲಿನಲ್ಲಿರುತ್ತೇನೆ ಎಂದು ತಿಳಿದವನು ಮಾತ್ರ ನಿಲ್ಲುತ್ತಾನೆ. ಮಾಲಕರಲ್ಲಿ ಅನೇಕರು ಒಂದು ಕಾಲಕ್ಕೆ ಇದೇ ಮೋರಿಯ ಮುಂದೆ ಕುಳಿತವರು ಅಥವಾ ಕುಳಿತವರ ಮಕ್ಕಳು. ಅವರಿಗೆ ಇದು ತಿಳಿಯದ ಮಾತಲ್ಲ.

ಆದುದರಿಂದ ನಮ್ಮ ಸಂಘದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಮೊದಲನೆಯದು, ವಾರಕ್ಕೊಂದು ಮಧ್ಯಾಹ್ನ, ಮೂರರಿಂದ ಐದರ ವರೆಗೆ, ಅಂಧೇರಿಯಲ್ಲಿ ಒಂದು ಕಸುಬಿನ ತರಗತಿ ನಡೆಯಲಿ. ಸ್ವಚ್ಛತೆಯ ನಿಯಮ, ಖರ್ಚಿನ ಲೆಕ್ಕ, ಸಾಮಾನಿನ ದಾಖಲೆ, ಗಿರಾಕಿಯೊಡನೆ ಆಡುವಷ್ಟು ಇಂಗ್ಲಿಷ್ ಇವನ್ನು ಕಲಿಸಲಿ. ನಿದ್ದೆ ಕೆಡಿಸಿಕೊಂಡು ಬಂದವನಿಗೆ ಅಲ್ಲಿ ಒಂದು ಒಳ್ಳೆಯ ಚಹಾ ಇರಲಿ.

ಎರಡನೆಯದು, ಒಬ್ಬೊಬ್ಬ ಹಿರಿಯನೂ ಒಬ್ಬ ಕಿರಿಯನನ್ನು ತನ್ನವನೆಂದು ಒಪ್ಪಿಕೊಂಡು ಒಂದು ವರ್ಷ ಬೆನ್ನು ತಿರುಗಿಸದೆ ಕಲಿಸಲಿ. ಆ ಹಿರಿಯನನ್ನು ವಾರ್ಷಿಕೋತ್ಸವದಲ್ಲಿ ಗುರುವೆಂದೇ ಕರೆದು ಗೌರವಿಸೋಣ. ಕಲಿಸಿದ ಕಾರಣಕ್ಕೆ ಅವನ ಕೆಲಸಕ್ಕೆ ಕುತ್ತು ಬಂದರೆ ಸಂಘವು ಅವನ ಬೆನ್ನಿಗೆ ನಿಲ್ಲಲಿ. ಈ ಭರವಸೆಯಿಲ್ಲದೆ ಕಲಿಸೆಂದು ಹೇಳುವ ಹಕ್ಕು ನಮಗಿಲ್ಲ.

ಮೂರನೆಯದು, ಪ್ರತಿಯೊಬ್ಬ ಕೆಲಸಗಾರನೂ ತಾನು ಎಷ್ಟು ವರ್ಷ, ಯಾವ ಕೆಲಸ ಮಾಡಿದೆನೆಂದು ಮಾಲಕರಿಂದ ಬರೆಯಿಸಿಕೊಳ್ಳಲಿ. 1948ರ ಅಂಗಡಿ ಕಾನೂನಿನ ಜಾಗಕ್ಕೆ ಬಂದ ಮಹಾರಾಷ್ಟ್ರದ 2017ರ ಕಾನೂನು ಗುರುತಿನ ಚೀಟಿಯ ಮಾತನ್ನು ಹೇಳಿದೆ. ಅದರೊಡನೆ ಈ ನಾಲ್ಕು ಸಾಲು ಬರೆದುಕೊಡಲು ಮಾಲಕರಿಗೆ ಏನೂ ಖರ್ಚಿಲ್ಲ. ಸಂಘದ ಕಚೇರಿಯಲ್ಲಿ ಅದರ ಒಂದು ಪ್ರತಿ ಇರಲಿ. ಹೋಟೆಲು ಮುಚ್ಚಿದರೂ ಮನುಷ್ಯನ ಚರಿತ್ರೆ ಮುಚ್ಚಬಾರದು.

ನಾಲ್ಕನೆಯದು, ಈ ತರಗತಿಯ ಬಾಗಿಲು ಎಲ್ಲರಿಗೂ ತೆರೆದಿರಲಿ. ಇಂದು ನಮ್ಮ ಹೋಟೆಲುಗಳ ಮೋರಿಯ ಮುಂದೆ ಕುಳಿತವನು ಒಡಿಶಾದವನೋ ಬಿಹಾರದವನೋ ನೇಪಾಳದವನೋ ಆಗಿರುತ್ತಾನೆ. ನಮ್ಮ ಅಜ್ಜಂದಿರು ಎಪ್ಪತ್ತು ವರ್ಷದ ಹಿಂದೆ ಕುಳಿತ ಜಾಗವೇ ಅದು. ಅವನಿಗೆ ಕಲಿಸದೆ ನಮ್ಮ ಹುಡುಗನಿಗೆ ಮಾತ್ರ ಕಲಿಸುತ್ತೇವೆಂದರೆ, ನಮಗೆ ಆದ ಅನ್ಯಾಯವನ್ನೇ ನಾವು ಮತ್ತೊಬ್ಬನಿಗೆ ಮಾಡಿದಂತಾದೀತು.

ಬಾಂಧವರೇ, ಇದಕ್ಕೆ ದೊಡ್ಡ ನಿಧಿ ಬೇಡ, ಕಟ್ಟಡ ಬೇಡ. ಒಂದು ಕೋಣೆ, ಒಂದು ಕರಿಹಲಗೆ, ಹತ್ತು ಮಂದಿ ಸಾಕು. ನಾನು ಹೇಳಿದ ಆ ಭಟ್ಟರು ಈಗ ಸಹಾಯಕನ ಕೆಲಸಕ್ಕೇ ಸೇರಿದ್ದಾರೆ. ಮೊನ್ನೆ ಸಿಕ್ಕಾಗ ಇಂಥದೊಂದು ತರಗತಿ ನಡೆದರೆ ಬರುತ್ತೀರಾ ಎಂದು ಕೇಳಿದೆ. "ಕಲಿಯಲಿಕ್ಕೋ, ಕಲಿಸಲಿಕ್ಕೋ?" ಎಂದು ಅವರು ಕೇಳಿದರು. ಎರಡಕ್ಕೂ ಎಂದೆ. ಯಾವ ವಾರ ಎಂದು ಹೇಳಿದರೆ ರಜೆ ಕೇಳಿ ಇಡುತ್ತೇನೆ ಎಂದರು. ಸಂಘದ ಕಾರ್ಯಕಾರಿ ಸಮಿತಿಯವರು ಆ ವಾರವನ್ನು ಬೇಗನೆ ಗೊತ್ತುಪಡಿಸಬೇಕೆಂದು ನನ್ನ ಪ್ರಾರ್ಥನೆ.