ಮಳೆಗೆ ಸೊರಗಿದ ಆಂಥೂರಿಯಂ

ನಮ್ಮ ಮಲೆನಾಡಿನ ಮಳೆ ನಿಮ್ಮ ಜಗಲಿಯ ಆಂಥೂರಿಯಂ ಗಿಡವನ್ನೂ ಕಾಡಿತೇನ್ರೀ? ಎಲೆ ಹಳದಿಯಾಗಿ ಬುಡ ಅಲ್ಲಾಡುತ್ತಿದ್ದರೆ ಗೊಬ್ಬರ ಸುರಿಯಬೇಡಿ. ಕುಂಡದಿಂದ ತೆಗೆದು ಬೇರು ತೊಳೆದು ನೋಡಿ. ಕಪ್ಪಗೆ, ಮೆತ್ತಗೆ ಇರುವುದೆಲ್ಲ ಕೊಳೆತದ್ದು. ಬಿಸಿನೀರಲ್ಲಿ ತೊಳೆದ ಚಾಕುವಿನಿಂದ ಕತ್ತರಿಸಿಬಿಡಿ, ಕರುಣೆ ಬೇಡ. ಗಾಯ ಆರಲು ಅರ್ಧ ದಿನ ನೆರಳಲ್ಲಿಡಿ.

ಕೊಲಂಬಿಯಾ, ಇಕ್ವೆಡಾರ್ ಕಡೆಯ ಕಾಡಿನಲ್ಲಿ ಮರದ ಮೇಲೂ ಬೆಳೆಯುವ ಗಿಡ ಇದು. ಬೇರಿಗೆ ಗಾಳಿ ಬೇಕು. ಆದ್ದರಿಂದ ಬರೀ ಮಣ್ಣಿನ ಬದಲು ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ತುಂಬಿ ನೆಡಿ.

ಬುಡದಲ್ಲಿ ಮರಿಗಳಿದ್ದರೆ ಎರಡು ಮೂರು ಬೇರಿನ ಸಮೇತ ಬಿಡಿಸಿ ಬೇರೆ ಕುಂಡಕ್ಕೆ ಹಾಕಿ. ಹೊಸ ಎಲೆ ಬಂದ ಮೇಲೇ ಯಾರಿಗಾದರೂ ಕೊಡಿ. ಕೊಳೆರೋಗ ಹಂಚಿದಂತಾಗಬಾರದಲ್ಲ!

ಕೊಡಲು ಮನಸ್ಸು ಬರೋದಿಲ್ಲ ಅಂತೀರಾ? ನಾನೂ ಹಾಗೇ ಇದ್ದೆ. ತವರಿಂದ ಅಮ್ಮ ಕೊಟ್ಟಿದ್ದ ಬಿಳಿ ಆಂಥೂರಿಯಂನ ಒಂದೇ ಒಂದು ಮರಿಯನ್ನು, ಪಕ್ಕದ ಮನೆಯವರು ಕೇಳಿ ಕೇಳಿ ಸಾಕಾದ ಮೇಲೆ ಕೊಟ್ಟಿದ್ದೆ. ಅಮ್ಮ ತೀರಿಕೊಂಡ ವರ್ಷದ ಮಳೆಗೆ ನನ್ನ ಗಿಡ ಪೂರ್ತಿ ಕೊಳೆತುಹೋಯಿತು. ಒಂದು ಬೆಳಿಗ್ಗೆ ಆಕೆ ಹೂವಿದ್ದ ಕುಂಡವೊಂದನ್ನು ತಂದು ಜಗಲಿ ಮೇಲಿಟ್ಟು, "ನಿಮ್ಮಮ್ಮನ ಗಿಡ ಕಣ್ರೀ" ಅಂದರು.