ಕಾಣದ ಆಳು, ಎಣಿಸದ ಕೆಲಸ

ಈ ಸಲ ಉಪ್ಪಿನಕಾಯಿ, ಹಪ್ಪಳ, ಮದವಿ ಮನಿ ಸುದ್ದಿ ಯಾವುದೂ ಇಲ್ಲ. ಒಂದು ಆಟದ ಮ್ಯಾಲೆ ಜಗಳಾ ತಗಿಯೂದು ಅದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಅದರ ಹೆಸರು. ಮನ್ಯಾಗ ಕಾಲೇಜಿನ ಹುಡುಗ್ರು ಇದ್ದವರು ಕೇಳಿರ್ತೀರಿ. 'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಗೊತ್ತ ಅದ, ಆ ಹುಡುಗ್ರು ನೆಲಮಾಳಿಗ್ಯಾಗ ಕೂತು ಆಡೂದು ಇದನ್ನ.

ಗೊತ್ತಿಲ್ಲದವರಿಗೆ ನಾಕು ಮಾತು. 1974ರಾಗ ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸಣ್ಣ ಊರಿಂದ ಈ ಆಟ ಹೊರಗ ಬಂತು. ಮಾಡಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತ ಡೇವ್ ಆರ್ನೆಸನ್. ಒಬ್ಬರು ಕಥಿ ನಡಸ್ತಾರ, ಉಳದವರು ಒಂದೊಂದು ಪಾತ್ರ ಆಗ್ತಾರ. ಒಬ್ಬಾಕಿ ಕತ್ತಿ ಹಿಡದಾಕಿ, ಒಬ್ಬಾಂವ ಮಂತ್ರವಾದಿ, ಒಬ್ಬಾಂವ ಕಳ್ಳ, ಒಬ್ಬಾಕಿ ಪೂಜಾರಿ. 'ನಾ ಈ ಬಾಗಲಾ ಒದೀತೀನಿ' ಅಂತ ಹೇಳೂದು, ಇಪ್ಪತ್ತು ಮುಖದ ದಾಳ ಉರುಳಸೂದು, ಬಾಗಲಾ ಮುರೀತೋ ಕಾಲು ಮುರೀತೋ ನೋಡೂದು. ಪಗಡಿಗತೆ ಇದಕ್ಕ ಸೋಲು ಗೆಲುವು ಇಲ್ಲ, ಕಥಿ ಮುಂದ ಹೋಗ್ತದ ಅಷ್ಟ. ಭಾಳ ಚಂದ ಆಟ. ಚಂದ ಇಲ್ಲದಿದ್ರ ನಾ ಇಷ್ಟು ಸಿಟ್ಟಿಗೇಳತಿದ್ದಿಲ್ಲ.

ನನ್ನ ತಕರಾರು ಇರೋದು ಅದರ ನಿಯಮದ ಮ್ಯಾಲೆ. ಆಟದಾಗ ನಿಯಮ ಅಂದ್ರ ಏನು ಹೇಳ್ರಿ? ಯಾವುದನ್ನ ಎಣಸಬೇಕು, ಯಾವುದನ್ನ ಬಿಡಬೇಕು ಅನ್ನೋ ತೀರ್ಮಾನ. ಈ ಆಟ ಹೊಡತಾ ಎಣಸ್ತದ, ತುತ್ತು ಎಣಸೂದಿಲ್ಲ. ಕೊಂದವರಿಗೆ ಅಂಕ ಅದ, ಉಳಸಿಕೊಂಡವರಿಗೆ ಇಲ್ಲ.

ಮೊದಲ ಹಳೇ ಲೆಕ್ಕ ನೋಡೋಣ, ಅಲ್ಲಿಂದ ಇವರ ಸ್ವಭಾವ ತಿಳೀತದ. 1976ರಾಗ ಈ ಆಟದ ಕಂಪನಿಯದ್ದ ಪತ್ರಿಕೆ 'ದಿ ಡ್ರ್ಯಾಗನ್'ದ ಮೂರನೇ ಸಂಚಿಕ್ಯಾಗ ಹೆಣ್ಣು ಪಾತ್ರಗಳಿಗೆ ಅಂತ ಒಂದು ಲೇಖನ ಬಂತು. ಗಂಡು ಪಾತ್ರದ ಶಕ್ತಿಗೆ ಆರು ಮುಖದ ಮೂರು ದಾಳ, ಅಂದ್ರ ಹೆಚ್ಚಿಗಂದ್ರ 18. ಹೆಣ್ಣಿಗೆ ಒಂದು ಎಂಟರದು, ಒಂದು ಆರರದು, ಅಲ್ಲಿಗೆ 14ಕ್ಕ ಮುಗೀತು. ಮಂದಿನ್ನ ಒಲಸಿಕೊಳ್ಳೋ ವ್ಯಕ್ತಿತ್ವದ ಅಂಕ ತಗದು ಅಲ್ಲೆ 'ಸೌಂದರ್ಯ' ಇಟ್ರು. ಕನ್ಯಾ ನೋಡಲಿಕ್ಕೆ ಬಂದವರ ಪಟ್ಟಿ ಬ್ಯಾರೆ ಇರ್ತದೇನು?

ಅದು ಪತ್ರಿಕೆ ಲೇಖನ, ಬಿಟ್ಟ ಬಿಡೋಣ ಅಂದ್ರ 1978ರ ಆಟಗಾರರ ಕೈಪಿಡಿಯೊಳಗೂ ಪಟ್ಟಿ ಬಂತು. ಶಕ್ತಿ 18 ಬಂದ ಕಾದಾಳುಗಳಿಗೆ ಅದರ ಮ್ಯಾಲೆ ಇನ್ನೊಂದು ನೂರರ ಲೆಕ್ಕ. ಮನುಷ್ಯ ಗಂಡಸು 100 ತನಕಾ ಹೋಗಬಹುದು, ಹೆಂಗಸು 50ಕ್ಕ ನಿಲ್ಲಬೇಕು. ಎಲ್ಫ್ ಅನ್ನೋ ಕುಲದ ಹೆಣ್ಣಿಗೆ 16ಕ್ಕ ಗಡಿ. ಹಾಫ್ಲಿಂಗ್ ಅನ್ನೋ ಕುಳ್ಳರ ಕುಲದಾಗ ಗಂಡಸಿಗೆ 17, ಹೆಂಗಸಿಗೆ 14. ಬೆಂಕಿ ಉಗುಳೋ ಡ್ರ್ಯಾಗನ್ನಾ ನಂಬಿದ್ರು, ಕಲ್ಲಾಗಿ ಹೋಗೋ ಮನಶ್ಯಾರನ್ನ ನಂಬಿದ್ರು, ಎರಡು ಕೊಡ ಬಗಲಾಗ ಒಂದು ಕೊಡ ತಲಿ ಮ್ಯಾಲೆ ಹೊತ್ಕೊಂಡು ಬರೋ ಹೆಂಗಸನ್ನ ನಂಬಲಿಕ್ಕೆ ಆಗಲಿಲ್ಲ.

ಮುಂದ 1979ರಾಗ ಕಥಿ ನಡಸೋರ ಪುಸ್ತಕ ಬಂತು. ಅದರಾಗ ಪ್ಯಾಟ್ಯಾಗ ಎದುರಾಗೋ ವೇಶ್ಯೆಯರಿಗೆ ಒಂದು ಪಟ್ಟಿ ಅದ, ದಾಳ ಉರುಳಿಸಿ ಎಂಥಾಕಿ ಸಿಕ್ಕಳು ಅಂತ ಆರಿಸಿಕೊಳ್ಳೂದು, ಒಬ್ಬೊಬ್ಬರಿಗೆ ಒಂದೊಂದು ಬೈಗುಳದಂಥಾ ಹೆಸರು. ಹೆಂಗಸರನ್ನ ಎಣಸಲಿಕ್ಕೆ ಇವರಿಗೆ ಬರೂದಿಲ್ಲ ಅಂತ ಅನಬ್ಯಾಡ್ರಿ ಮತ್ತ. ಬೇಕಾದಾಗ ಭಾಳ ಚಂದ ಎಣಸ್ತಾರ.

ಶಕ್ತಿಯ ಗಡಿ 1989ರ ಎರಡನೇ ಆವೃತ್ತಿಯೊಳಗ ಹೋತು. ಹುಡುಗ್ರು ಅಂತಾರ, 'ಅದೆಲ್ಲಾ ಹಳೇ ಮಾತು, ಈಗ ಸರಿ ಆಗೇದ.' ಮೈ ಮ್ಯಾಲಿನ ಗಡಿ ಹೋತು, ಖರೆ. ಕೆಲಸದ ಮ್ಯಾಲಿನ ಗಡಿ ಹಂಗ ಅದ. ಈಗಿನವರು ಆಡೋ ಐದನೇ ಆವೃತ್ತಿ, 2014ರ ಪುಸ್ತಕ ತಗೊಂಡು ತೋರಸ್ತೀನಿ.

ಅದರಾಗ ಮೊದಲನೇ ದರ್ಜೆಯ ಒಂದು ಮಂತ್ರ ಅದ, ಹೆಸರು 'ಕಾಣದ ಆಳು'. ನಾ ಇಟ್ಟ ಹೆಸರಲ್ಲ, ಅವರ ಇಟ್ಟಿದ್ದು. ಒಂದು ದಾರದ ತುಂಡು, ಒಂದು ಕಟ್ಟಿಗಿ ಚೂರು ಹಿಡಕೊಂಡು ಮಂತ್ರ ಅಂದ್ರ ಒಂದು ತಾಸು ಒಂದು ಆಳು ಬರ್ತದ. ಕಣ್ಣಿಗೆ ಕಾಣೂದಿಲ್ಲ, ಆಕಾರ ಇಲ್ಲ, ಬುದ್ಧಿ ಇಲ್ಲ. ಜೀವದ ಅಂಕ 1, ಶಕ್ತಿ 2. ಅದು ಏನು ಮಾಡ್ತದ ಅಂತ ಪುಸ್ತಕದಾಗ ಪಟ್ಟಿ ಕೊಟ್ಟಾರ: ಸಾಮಾನು ತಂದು ಕೊಡೂದು, ಸ್ವಚ್ಛ ಮಾಡೂದು, ಹರದದ್ದು ಹೊಲಿಯೂದು, ಅರಬಿ ಮಡಚೂದು, ಒಲಿ ಹಚ್ಚೂದು, ಊಟಾ ಬಡಸೂದು. ಓದ್ತಾ ಓದ್ತಾ ನನಗ ಯಾರ ಮುಖ ಕಣ್ಣ ಮುಂದ ಬಂತು ಅಂತ ಬ್ಯಾರೆ ಹೇಳಬೇಕೇನು? ಕಾಣದಾಕಿ, ಮಾತಾಡದಾಕಿ, ಒಂದು ಹೊಡತಕ್ಕ ಮಾಯ ಆಗಾಕಿ. ಈ ಮಂತ್ರ 1978ರ ಪುಸ್ತಕದಾಗನೂ ಇತ್ತು, 2024ರಾಗ ತಿದ್ದಿ ತಂದ ಪುಸ್ತಕದಾಗನೂ ಅದ. ಹೆಂಗಸಿನ ಶಕ್ತಿಯ ಪಟ್ಟಿ ಹನ್ನೊಂದು ವರ್ಷಕ್ಕ ಹೋತು, ಈ ಆಳಿಗೆ ಇನ್ನೂ ಸುಟಿ ಸಿಕ್ಕಿಲ್ಲ.

ಇನ್ನ ಕಣ್ಣಿಗೆ ಕಾಣೋ ಆಳಿನ ಪಗಾರ ಕೇಳ್ರಿ. ಹತ್ತು ಬೆಳ್ಳಿ ನಾಣ್ಯ ಅಂದ್ರ ಒಂದು ಬಂಗಾರದ ನಾಣ್ಯ. ಪುಸ್ತಕದಾಗ ಕೂಲಿಯವರು ಎರಡು ನಮೂನಿ. ಕಸಬು ಬಲ್ಲವರಿಗೆ, ಅಂದ್ರ ಕೂಲಿ ಸೈನಿಕರು, ಬರಿಯೋ ಕಾರಕೂನರು ಇಂಥವರಿಗೆ, ದಿನಕ್ಕ 2 ಬಂಗಾರ. ಕಸಬು ಇಲ್ಲದವರಿಗೆ 2 ಬೆಳ್ಳಿ. ಈ ಎರಡನೇ ಸಾಲಿನಾಗ ಹಮಾಲರ ಜೋಡಿ ಮನಿಗೆಲಸದಾಕಿನೂ ಇದ್ದಾಳ. ಮನಿಗೆಲಸಕ್ಕ ವಿಶೇಷ ಕಸಬು ಏನೂ ಬ್ಯಾಡ ಅಂತ ಪುಸ್ತಕದ ಅಭಿಪ್ರಾಯ. ಇಪ್ಪತ್ತು ಮಂದಿಗೆ ಹುಗ್ಗಿ ತಳಾ ಹತ್ತದಂಗ ಮಾಡಿ ತೋರಸ್ರಿ, ಆಮ್ಯಾಲೆ ಮಾತಾಡೋಣ ಅಂತ ಆ ಬರದಾಂವಗ ಹೇಳಬೇಕು.

ಅದ ಪುಸ್ತಕದಾಗ ಒಂದು ದಿನದ ಬುತ್ತಿಗೆ 5 ಬೆಳ್ಳಿ. ಅಂದ್ರ ಮನಿಗೆಲಸದಾಕಿ ಎರಡೂವರೆ ದಿನ ದುಡದ್ರ ಸಾಹಸಕ್ಕ ಹೋಗಾಂವನ ಒಂದು ದಿನದ ಬುತ್ತಿ ಕೊಳ್ಳಬಹುದು. ಕಬ್ಬಿಣದ ಪಾತೇಲಿ ಒಂದಕ್ಕ 2 ಬಂಗಾರ, ಆಕಿಯ ಹತ್ತು ದಿನದ ಪಗಾರ. ಮೈ ತುಂಬಾ ಹಾಕ್ಕೊಳ್ಳೋ ಉಕ್ಕಿನ ಕವಚಕ್ಕ 1500 ಬಂಗಾರ. ನಾ ಕೂತು ಲೆಕ್ಕಾ ಹಾಕಿದೆ: 7500 ದಿನದ ಪಗಾರ. ಒಂದು ದಿನಾನೂ ರಜಾ ಇಲ್ಲದಂಗ ಇಪ್ಪತ್ತು ವರ್ಷಕ್ಕೂ ಜಾಸ್ತಿ. ಇದರಾಗ ಆ ಪಾತೇಲಿ ತೂಕಾನೂ ಬರದಾರ ನೋಡ್ರಿ, 10 ಪೌಂಡು. ಪಾತೇಲಿ ಹೊತ್ತವರ ಬೆನ್ನಿನ ಭಾರ ಎಣಸ್ತಾರ. ಅದರಾಗ ಬೇಯಿಸಿದಾಕಿನ್ನ ಎಣಸೂದಿಲ್ಲ.

ಈಗ ದೊಡ್ಡ ಮಾತು, ಅನುಭವದ ಅಂಕ. ಪಾತ್ರ ಬೆಳಿಯೂದು ಇದರ ಮ್ಯಾಲೆ. 300 ಅಂಕ ಆದ್ರ ಎರಡನೇ ಹಂತ. ಗಾಬ್ಲಿನ್ ಅನ್ನೋ ಸಣ್ಣ ರಾಕ್ಷಸನ್ನ ಕೊಂದ್ರ 50. ಒಬ್ಬ ಸಾಮಾನ್ಯ ಮನಶ್ಯಾಗೂ ಪಟ್ಟಿಯೊಳಗ ಅಂಕ ಅದ, 10. ಬೆಕ್ಕಿಗೂ 10. ಅಂದ್ರ ನಾನೂ ನೀವೂ ನಮ್ಮ ಮನಿ ಬೆಕ್ಕೂ ಒಂದ ದರ. ಸಾಯೋ ಮುಂದ ನಮಗೂ ಒಂದು ಬೆಲಿ ಕಟ್ಯಾರ, ಬದುಕೋ ಮುಂದ ಇಲ್ಲ. ಗಾಯಾ ಆದಾಂವನ್ನ ರಾತ್ರಿಯೆಲ್ಲಾ ಕಾದಾಕಿಗೆ, ಮಳ್ಯಾಗ ಒಲಿ ಹಚ್ಚಿದಾಂವಗ, ಜಗಳಾ ಬಿಡಿಸಿದಾಕಿಗೆ ಅಂತ ಒಂದು ಪಟ್ಟಿ ಇಲ್ಲ. 'ಹೊಡದಾಟ ಇಲ್ಲದ ಕೆಲಸಕ್ಕೂ ಕಥಿ ನಡಸೋರು ಬೇಕಾದ್ರ ಅಂಕ ಕೊಡಬಹುದು' ಅಂತ ಪುಸ್ತಕದಾಗ ಒಂದು ಮಾತು ಅದ, ಇಲ್ಲ ಅನ್ನೂದಿಲ್ಲ. ಆದ್ರ ನೋಡ್ರಿ, ಕೊಲ್ಲೂದಕ್ಕ ಹಕ್ಕು, ಸಲಹೂದಕ್ಕ ಮರ್ಜಿ. ಮನಿ ಖರ್ಚಿನ ರೊಕ್ಕಕ್ಕ ಮುಖಾ ನೋಡ್ಕೋತ ನಿಂತವರಿಗೆ ಈ ಎರಡರ ಫರಕು ನಾ ಬಿಡಿಸಿ ಹೇಳಬೇಕಿಲ್ಲ.

ಗಾಯದ ಮಾತೂ ಹಂಗ. 1978-79ರ ನಿಯಮದಾಗ ಮಂತ್ರ ಇಲ್ಲದಿದ್ರ ದಿನಾ ಆರಾಮ ಮಾಡಿದ್ರ ಜೀವದ ಅಂಕ ಒಂದೊಂದ ಮರಳಿ ಬರ್ತಿತ್ತು. ನಾಕು ವಾರ ಹಾಸಗಿ ಹಿಡದ್ರ ಪೂರ್ತಿ ಸರಿ. ಅಂದ್ರ ಗಂಜಿ ಮಾಡಿ ಹಾಕೋರು ಯಾರೋ ಇರಬೇಕಾಗ್ತಿತ್ತು. 2014ರಾಗ ಏನು? ಎಂಟು ತಾಸು ವಿಶ್ರಾಂತಿ ತಗೊಂಡ್ರ ಎಲ್ಲಾ ಅಂಕ ವಾಪಸ್. ಡ್ರ್ಯಾಗನ್ ಸುಟ್ಟರೂ ಮುಂಜಾನೆ ಎದ್ದು ಹಲ್ಲು ತಿಕ್ಕೂದು. ಆರೈಕಿ ಅನ್ನೋ ಕೆಲಸಾನ ಆಟದಿಂದ ಒರಸಿ ಹಾಕಿದ್ರು. ಅಡಗಿದೂ ಅಷ್ಟ. 'ಅನ್ನ ನೀರು ಸೃಷ್ಟಿ' ಅನ್ನೋ ಮೂರನೇ ದರ್ಜೆ ಮಂತ್ರ ಹಾಕಿದ್ರ 15 ಮಂದಿಗೆ ಒಂದು ದಿನಕ್ಕ ಸಾಕಾಗೋವಷ್ಟು ಊಟಾ ಬರ್ತದ. ಆ ಊಟ ಸಪ್ಪಗ ಇರ್ತದ ಅಂತ ಪುಸ್ತಕನ ಹೇಳ್ತದ. ಅಷ್ಟರ ಪ್ರಾಮಾಣಿಕತೆ ಇದಕ್ಕ ಅದ.

2020ರಾಗ ಬಂದ ಇನ್ನೊಂದು ಪುಸ್ತಕದಾಗ ಅಡಗಿಯವರಿಗೆ ಅಂತ ಒಂದು ವಿಶೇಷ ಗುಣ ಕೊಟ್ರು. ಅಡಗಿ ಮಾಡಿ ಬಡಸಿದ್ರ ಜೊತೆಯವರ ಗಾಯಾ ಒಂದಿಷ್ಟು ಹೆಚ್ಚಿಗಿ ವಾಸಿ ಆಗ್ತದ. ಖುಷಿ ಆತು, ಖರೇ. ಆದ್ರ ಇಂಥಾ ಗುಣ ಸಾಮಾನ್ಯವಾಗಿ ಸಿಗೂದು ನಾಕನೇ ಹಂತಕ್ಕ, ನಾಕನೇ ಹಂತಕ್ಕ ಬೇಕಾಗೂದು 2700 ಅಂಕ. ಅಂದ್ರ 54 ಗಾಬ್ಲಿನ್ ಕೊಂದ ಮ್ಯಾಲೆ ಛಲೋ ಸಾರು ಮಾಡಲಿಕ್ಕೆ ಬರ್ತದ!

ಇದಕ್ಕ ಹುಡುಗ್ರು ಕೊಡೋ ಉತ್ತರ ನನಗ ಬಾಯಿಪಾಠ ಅದ. 'ಅಯ್ಯ, ಅದು ಸಾಹಸದ ಆಟ. ರೊಟ್ಟಿ ಬಡಿಯೂದನ್ನ ಯಾರು ಆಡ್ತಾರ?' ಮೊದಲನೇದು, ರೊಟ್ಟಿ ಬಡಿಯೂದು ಬ್ಯಾಸರದ ಕೆಲಸ ಅಂತ ಹೇಳೋರು ಯಾರು, ಬಡದವರೋ ತಿಂದವರೋ? ಎರಡನೇದು, ಇದ ಆಟದ ಮೊದಲನೇ ನಿಯಮದಾಗ ಒಂದು ಬಂಗಾರದ ನಾಣ್ಯ ಗುಹೆಯಿಂದ ತಂದ್ರ ಒಂದು ಅನುಭವದ ಅಂಕ ಇತ್ತು. ಯಾರನ್ನೂ ಕೊಲ್ಲದ ತಂದ್ರೂ ಇತ್ತು. ಮಂದಿ ಜಾಣತನದಿಂದ, ಹಗ್ಗಾ ಬಿಟ್ಟು, ರಾಕ್ಷಸಗ ಮಾತಿನಾಗ ಮರುಳು ಮಾಡಿ ಆಡ್ತಿದ್ರು. 2000ದ ಮೂರನೇ ಆವೃತ್ತಿಯೊಳಗ ಆ ನಿಯಮ ಹೋತು, ಹೊಡದಾಟ ಮುಂದ ಬಂತು. ಯಾವುದಕ್ಕ ಅಂಕ ಇರ್ತದೋ ಮಂದಿ ಅದನ್ನ ಆಡ್ತಾರ. ಹಾಡಿಗೆ ಮಾರ್ಕ್ಸ್ ಇಲ್ಲದ ಸಾಲ್ಯಾಗ ಹಾಡಿನ ಪೀರಿಯಡ್ಡಿಗೆ ಲೆಕ್ಕಾ ಮಾಡಸ್ತಾರಲ್ಲ, ಹಂಗ.

ಮೂರನೇದು, ಬ್ಯಾರೆಯವರು ಮಾಡಿ ತೋರಿಸ್ಯಾರ. 2007ರಾಗ ಜಪಾನದಾಗ 'ರ್‍ಯೂತಾಮ' ಅಂತ ಒಂದು ಇಂಥಾದ್ದ ಆಟ ಬಂತು. ಅದರಾಗ ಪಾತ್ರಗಳು ರೈತ, ವ್ಯಾಪಾರಿ, ವೈದ್ಯ, ಕುಶಲಕರ್ಮಿ, ಹಾಡುಗಾರ. ದಿನಾ ಮುಂಜಾನೆ ಮೈ ಹೆಂಗ ಅದ ಅಂತ ದಾಳ ಉರುಳಸಬೇಕು. ದಾರಿ ನಡದದ್ದಕ್ಕ, ರಾತ್ರಿ ಬಿಡಾರ ಹೂಡಿದ್ದಕ್ಕ ದಾಳ. ಮಳಿ, ಚಳಿ, ಬುತ್ತಿ, ಕಾಲಾಗಿನ ಚಪ್ಪಲಿ ಎಲ್ಲಾ ಲೆಕ್ಕಕ್ಕ ಬರ್ತಾವ. ಆಡಿ ನೋಡ್ರಿ, ಒಂದು ಕೆಟ್ಟ ರಾತ್ರಿ ದಾಟೂದು ಡ್ರ್ಯಾಗನ್ ಕೊಂದದ್ದಕ್ಕಿಂತ ಹೆಚ್ಚಿನ ಸಾಹಸ ಅನಸ್ತದ.

'ಬರೇ ಆಟ' ಅನ್ನೋರಿಗೆ ಇನ್ನೊಂದು ಮಾತು. 1988ರಾಗ ನ್ಯೂಜಿಲೆಂಡಿನ ಮರಿಲಿನ್ ವೇರಿಂಗ್ ಅನ್ನಾಕಿ ಒಂದು ಪುಸ್ತಕ ಬರದು, ದೇಶದ ಆದಾಯದ ಲೆಕ್ಕದಾಗ ಮನಿ ಒಳಗಿನ ಕೆಲಸ ಬರೂದ ಇಲ್ಲ ಅಂತ ದೊಡ್ಡ ಜಗಳಾ ತಗದಳು. ದೊಡ್ಡವರ ಲೆಕ್ಕಪುಸ್ತಕ ಹೆಂಗೋ ಹುಡುಗ್ರ ಆಟದ ಪುಸ್ತಕನೂ ಹಂಗ. ನಮ್ಮ ಹುಡುಗ್ರು ವಾರಕ್ಕ ನಾಕು ತಾಸು ಕೂತು ಈ ಲೆಕ್ಕಾ ಕಲೀತಾರ, ನಕ್ಕೋತ, ಖುಷಿಯಿಂದ. ಖುಷಿಯಿಂದ ಕಲತದ್ದು ಲಗೂ ಮರಿಯೂದಿಲ್ಲ.

ಆಟ ಬಂದ್ ಮಾಡ್ರಿ ಅಂತ ನಾ ಹೇಳೂದಿಲ್ಲ. ಈ ಆಟದಾಗ ಒಂದು ಒಳ್ಳೇ ಪದ್ಧತಿ ಅದ, ಒಪ್ಪಿಗಿ ಆಗದ ನಿಯಮ ತಗದು ಮನಿ ನಿಯಮ ಹಾಕ್ಕೋಬಹುದು. ಹೆಸರ 'ಮನಿ ನಿಯಮ' ಅಂದ ಮ್ಯಾಲೆ ನಮ್ಮ ಮಾತು ನಡೀಬೇಕು. ನನ್ನವು ಮೂರು. ಒಂದು, ಮನಿಗೆಲಸದಾಕಿ ಕಸಬು ಬಲ್ಲಾಕಿ, ದಿನಕ್ಕ 2 ಬಂಗಾರ. ಎರಡು, ಜೀವದ ಅಂಕ ಎಲ್ಲಾ ಮರಳಿ ಬರಬೇಕಂದ್ರ ಯಾರು ಒಲಿ ಹಚ್ಚಿದ್ರು, ಯಾರು ಗಾಯಾ ತೊಳದ್ರು, ಯಾರು ಎಚ್ಚರ ಇದ್ರು ಅಂತ ಹೆಸರು ಹೇಳಬೇಕು. ಹೆಸರು ಇಲ್ಲದಿದ್ರ ಅರ್ಧಾ ಅಂಕ ಅಷ್ಟ. ಮೂರು, ಒಂದು ರಾಕ್ಷಸ ಸತ್ತದ್ದಕ್ಕ ಎಷ್ಟು ಅಂಕವೋ ಒಬ್ಬ ಮನಶ್ಯಾ ಬದುಕಿದ್ದಕ್ಕೂ ಅಷ್ಟ ಅಂಕ, ಮರ್ಜಿಯಿಂದ ಅಲ್ಲ, ಹಕ್ಕಿನಿಂದ.

ಅಕ್ಕಂದಿರ, ವೈನಿಯವರ, ಮೌಶಿಯವರ, ನಿಮ್ಮ ಮನ್ಯಾಗ ಹುಡುಗ್ರು ದಾಳ ಹಿಡಕೊಂಡು ಕೂತಾಗ ಚಹಾ ಫಳಾರ ಒಯ್ದು ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ತಾಟು ಕೆಳಗ ಇಡೋಕಿಂತ ಮೊದಲ ಒಂದು ಪ್ರಶ್ನೆ ಕೇಳ್ರಿ: 'ಇದಕ್ಕ ಎಷ್ಟು ಅಂಕ?' ಉತ್ತರಾ ಬರೋ ತನಕಾ ತಾಟು ಕೈಯಾಗ ಇರ್ಲಿ.